ಹಲ್ಲು ಎಣಿಸಿದವರ ಕತೆ

ಹೋದ ವರ್ಷ ಮಗಳ ಶಾಲೆಯಲ್ಲಿ ದಂತ ತಪಾಸಣೆ ಶಿಬಿರ ಇತ್ತು. ಒಂದನೇ ಕ್ಲಾಸಿನ ಹುಡುಗಿ. ಸಂಜೆ ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೈಗೆ ಕೊಟ್ಟಳು. ಅದರಲ್ಲೊಂದು ಬಾಯಿಯ ಚಿತ್ರ, ಮೂರು ಕಡೆ ಕೆಂಪು ಗುರುತು. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ 'ಡಿಎಂಎಫ್‌ಟಿ: 3' ಅಂತ ಬರೆದಿತ್ತು.

"ರೀ, ಇದು ಹತ್ತಕ್ಕೆ ಮೂರಾ, ನೂರಕ್ಕೆ ಮೂರಾ?" ಅಂದಳು ನನ್ನ ಹೆಂಡತಿ. ನನಗೂ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. "ಹಾಲುಹಲ್ಲು ತಾನೆ, ಉದುರೋಗ್ತಾವೆ ಬಿಡು. ನಿನ್ನ ಹಲ್ಲು ಯಾವ ಡಾಕ್ಟ್ರು ನೋಡಿದ್ರು?" ಅಂದರು.

ಆದರೂ ಭಾನುವಾರ ದಂತವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮೂರೂ ಹಾಲುಹಲ್ಲುಗಳೇ, ಮೂರೂ ಹುಳುಕು. ಎರಡಕ್ಕೆ ಅವತ್ತೇ ಸಿಮೆಂಟ್ ತುಂಬಿದರು. ನಾನು ಆಫೀಸಿನ ಚಾಳಿಯಲ್ಲಿ ಕೇಳಿದೆ: "ಹಾಗಾದ್ರೆ ಈಗ ಇವಳದ್ದು ಒಂದು ಅಲ್ವಾ ಡಾಕ್ಟ್ರೇ?" ಅವರು ನಕ್ಕರು. "ಇಲ್ಲ ಸಾರ್, ಈಗಲೂ ಮೂರೇ. ರಿಪೇರಿ ಆದ್ರೂ ಲೆಕ್ಕದಿಂದ ಹೋಗಲ್ಲ."

ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕೆಲಸದಲ್ಲಿ ಬಗ್ ಸರಿಮಾಡಿದರೆ ಎಣಿಕೆ ಇಳಿಯುತ್ತೆ. ಸರಿಮಾಡಿದ್ದನ್ನೂ ಮುರಿದಿದ್ದರ ಜೊತೆಗೇ ಎಣಿಸೋ ಈ ಲೆಕ್ಕವನ್ನು ಯಾರು, ಯಾಕೆ ಮಾಡಿದರು? ಹುಡುಕುತ್ತಾ ಹೋದೆ. ಸಿಕ್ಕ ಕತೆ ನನ್ನ ಮಗಳ ಬಾಯಿಂದ ಶುರುವಾಗಿ ಅಮೆರಿಕ ಸುತ್ತಿಕೊಂಡು ಕೊನೆಗೆ ನನ್ನ ಬಾಯಿಗೇ ಬಂತು.

ಮೊದಲು ಸಮಸ್ಯೆ ಏನು ಅಂತ ನೋಡೋಣ. 1930ರ ದಶಕದ ಅಮೆರಿಕದಲ್ಲಿ ಹುಳುಕು ಹಲ್ಲು ಇಲ್ಲದ ಮಗು ಸಿಗೋದೇ ಕಷ್ಟವಿತ್ತು. ಆಗ ಹಲ್ಲಿನ ಸಮೀಕ್ಷೆ ಅಂದರೆ ಸಾಮಾನ್ಯವಾಗಿ 'ನೂರರಲ್ಲಿ ಎಷ್ಟು ಮಕ್ಕಳಿಗೆ ಹುಳುಕಿದೆ' ಅಂತ ಹೇಳೋದು. ಒಂದೂರಲ್ಲಿ 95, ಇನ್ನೊಂದೂರಲ್ಲಿ 97 ಅಂತ ಬಂದರೆ ಅದರಿಂದ ಏನು ತಿಳಿಯುತ್ತೆ? ಒಂದು ಹಲ್ಲು ಹುಳುಕಿದವನೂ ಅದರಲ್ಲಿ ಒಬ್ಬ, ಹತ್ತು ಹಲ್ಲು ಹುಳುಕಿದವನೂ ಒಬ್ಬ. ಇವತ್ತು ಹುಳುಕಿರೋದನ್ನು ಮಾತ್ರ ಎಣಿಸಿದರೆ ಇನ್ನೊಂದು ತೊಂದರೆ. ನಾಲ್ಕು ಹಲ್ಲು ಕೀಳಿಸಿಕೊಂಡ ಹುಡುಗನ ಲೆಕ್ಕ ಸೊನ್ನೆ ಬರುತ್ತೆ. ಹಲ್ಲೇ ಇಲ್ಲ, ಹುಳುಕೆಲ್ಲಿಂದ ಬರಬೇಕು?

ಮೇರಿಲ್ಯಾಂಡ್ ರಾಜ್ಯದಲ್ಲಿ ಹೇಗರ್ಸ್‌ಟೌನ್ ಅಂತ ಒಂದು ಊರಿದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಹೆನ್ರಿ ಕ್ಲೈನ್, ಕ್ಯಾರೊಲ್ ಪಾಮರ್, ಜಾನ್ ನಟ್ಸನ್ ಅನ್ನೋ ಮೂವರು ಅಲ್ಲಿನ ಪ್ರಾಥಮಿಕ ಶಾಲೆಗಳ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ನೋಡಿದರು. 1938ರಲ್ಲಿ ಅದರ ವರದಿ ಬಂತು. ಒಂದೊಂದು ಮಗುವಿನಲ್ಲೂ ಅವರು ಮೂರು ಬಗೆಯ ಶಾಶ್ವತ ಹಲ್ಲು ಎಣಿಸಿದರು. ಹುಳುಕಿದ್ದು, ಅಂದರೆ ಡಿ. ಹುಳುಕಿ ಕಳೆದುಹೋಗಿದ್ದು, ಅಂದರೆ ಎಂ. ಹುಳುಕಿ ಸಿಮೆಂಟ್ ತುಂಬಿಸಿಕೊಂಡಿದ್ದು, ಅಂದರೆ ಎಫ್. ಮೂರನ್ನೂ ಕೂಡಿಸಿದರೆ ಡಿಎಂಎಫ್. ಕೊನೆಗೆ 'ಟಿ' ಸೇರಿಸಿದರೆ ಹಲ್ಲಿನ ಲೆಕ್ಕ ಅಂತ ಅರ್ಥ.

ಇದರ ಹಿಂದಿನ ಯೋಚನೆ ಬಹಳ ಸರಳ. ಜ್ವರ ಬಂದು ಹೋದರೆ ಮೈಯಲ್ಲಿ ಗುರುತು ಉಳಿಯಲ್ಲ. ಹಲ್ಲು ಹಾಗಲ್ಲ, ಒಮ್ಮೆ ಕುಳಿ ಬಿದ್ದರೆ ಮತ್ತೆ ಮೊದಲಿನ ಹಾಗೆ ಬೆಳೆಯಲ್ಲ. ಕುಳಿ, ಖಾಲಿ ಜಾಗ ಅಥವಾ ಸಿಮೆಂಟ್, ಮೂರರಲ್ಲಿ ಒಂದು ಸಾಕ್ಷಿ ಇದ್ದೇ ಇರುತ್ತೆ. ಬಾಯಿ ಅನ್ನೋದು ಅಳಿಸಲಾಗದ ಲಾಗ್ ಫೈಲ್ ಇದ್ದ ಹಾಗೆ. ಇವತ್ತು ಎಷ್ಟು ತೊಂದರೆ ಇದೆ ಅನ್ನೋದಷ್ಟೇ ಅಲ್ಲ, ಈ ಮಗು ಇಲ್ಲಿವರೆಗೆ ಎಷ್ಟು ಅನುಭವಿಸಿದೆ ಅನ್ನೋದೂ ಒಂದೇ ಸಲ ನೋಡಿದರೆ ಗೊತ್ತಾಗುತ್ತೆ. ನನ್ನ ಮಗಳ ಲೆಕ್ಕ ಮೂರರಲ್ಲೇ ಉಳಿದಿದ್ದು ಇದಕ್ಕೇ.

ಹಾಲುಹಲ್ಲಿಗೆ ಸಣ್ಣ ಅಕ್ಷರ, ಶಾಶ್ವತ ಹಲ್ಲಿಗೆ ದೊಡ್ಡ ಅಕ್ಷರ. ನಮ್ಮ ಕೋಡ್ ತರಾನೇ ಇದೂ ಕೇಸ್ ಸೆನ್ಸಿಟಿವ್! ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜ, ಹಾಲುಹಲ್ಲು ಉದುರುತ್ತವೆ. ಆದರೆ ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವುದೂ ಉದುರದೆ, ಒಂದೊಂದು ಹೊಸ ದವಡೆ ಹಲ್ಲು ಬರುತ್ತೆ. ಅದೂ ಹಾಲುಹಲ್ಲೇ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು, ಮಕ್ಕಳಲ್ಲಿ ಎಲ್ಲಕ್ಕಿಂತ ಮೊದಲು ಹುಳುಕೋ ಶಾಶ್ವತ ಹಲ್ಲೂ ಸಾಮಾನ್ಯವಾಗಿ ಅದೇ. ನಮ್ಮ ಡಾಕ್ಟರು ಮಗಳ ಬಾಯಲ್ಲಿ ಆಗತಾನೆ ಮೂಡುತ್ತಿದ್ದ ಅದನ್ನು ತೋರಿಸಿ, "ಇದನ್ನ ಕಾಪಾಡ್ಕೊಳ್ಳಿ" ಅಂದರು.

ಹೇಗರ್ಸ್‌ಟೌನ್ ವರದಿಯ ಹೆಸರಲ್ಲೇ ಹಲ್ಲಿನ ಸ್ಥಿತಿ ಮತ್ತು ಹಲ್ಲಿನ ಅಗತ್ಯ ಅನ್ನೋ ಎರಡು ಮಾತಿವೆ. ಸ್ಥಿತಿ ಗೊತ್ತಾದರೆ ಎಷ್ಟು ಕೆಲಸ ಬಾಕಿ ಇದೆ, ಎಷ್ಟು ದಂತವೈದ್ಯರು ಬೇಕು ಅಂತ ಲೆಕ್ಕ ಹಾಕಬಹುದು. ಬಾಕಿ ಇದ್ದಿದ್ದು ಬೆಟ್ಟದಷ್ಟು, ಆಗಿದ್ದ ಚಿಕಿತ್ಸೆ ಅದರ ಮುಂದೆ ತೀರಾ ಸಣ್ಣದು. ಅದನ್ನು ತುಂಬಿಸಿ ತುಂಬಿಸಿ ಮುಗಿಸೋದು ಆಗದ ಮಾತು. ಹಾಗಾದರೆ ಹುಳುಕೇ ಬರದ ಹಾಗೆ ಮಾಡಬಹುದಾ?

ಈ ಪ್ರಶ್ನೆಗೆ ಉತ್ತರ ಇನ್ನೊಂದು ದಾರಿಯಲ್ಲಿ ಮೂವತ್ತು ವರ್ಷಗಳಿಂದ ನಡೆದುಕೊಂಡು ಬರುತ್ತಾ ಇತ್ತು. 1901ರಲ್ಲಿ ಫ್ರೆಡರಿಕ್ ಮೆಕ್ಕೇ ಅನ್ನೋ ಯುವ ದಂತವೈದ್ಯ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಬಣ್ಣದ ಕಲೆ ನೋಡಿ ಬೆರಗಾದ. ಯಾವ ಪುಸ್ತಕದಲ್ಲೂ ಅದರ ಬಗ್ಗೆ ಇರಲಿಲ್ಲ. ಆ ಕಾಲದ ದೊಡ್ಡ ದಂತತಜ್ಞ ಜಿ.ವಿ. ಬ್ಲ್ಯಾಕ್ 1909ರಲ್ಲಿ ಅವನ ಜೊತೆ ಸೇರಿದರು. ಆ ಊರಲ್ಲೇ ಹುಟ್ಟಿದ ಮಕ್ಕಳನ್ನು ಸಾಲಾಗಿ ನೋಡಿದಾಗ ಹೆಚ್ಚುಕಮ್ಮಿ ನೂರಕ್ಕೆ 90 ಮಕ್ಕಳಿಗೆ ಕಲೆ ಇತ್ತು. ಎರಡು ಸಂಗತಿ ಅವರಿಗೆ ಕಂಡವು. ಶಾಶ್ವತ ಹಲ್ಲು ಬಂದಮೇಲೆ ಆ ಊರಿಗೆ ಬಂದವರಿಗೆ ಕಲೆ ಆಗುತ್ತಿರಲಿಲ್ಲ. ಇನ್ನೊಂದು, ಆ ಕಲೆಯ ಹಲ್ಲುಗಳು ಹುಳುಕೋದು ಕಡಿಮೆ.

ಕಾರಣದ ಸುಳಿವು ಕೊಟ್ಟಿದ್ದು ವಿಜ್ಞಾನಿಗಳಲ್ಲ, ತಾಯಿತಂದೆಯರು. 1923ರಲ್ಲಿ ಮೆಕ್ಕೇ ಐಡಹೊ ರಾಜ್ಯದ ಓಕ್ಲಿ ಅನ್ನೋ ಊರಿಗೆ ಹೋದ. ಐದು ಮೈಲಿ ಆಚೆಯ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪ್ ಹಾಕಿಸಿದ ಮೇಲೆ ಮಕ್ಕಳ ಹಲ್ಲು ಹೀಗಾಗಿದೆ ಅಂದರು ಅಲ್ಲಿನವರು. ಆ ನೀರು ಬಿಡಿ ಅಂದ. ಬಿಟ್ಟರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲುಗಳಲ್ಲಿ ಕಲೆ ಇರಲಿಲ್ಲ. ನೀರೇ ಕಾರಣ ಅಂತ ಗಟ್ಟಿಯಾಯಿತು. ಆದರೆ ನೀರಲ್ಲಿ ಏನು?

ಉತ್ತರ ಬಂದಿದ್ದು ಒಂದು ಅಲ್ಯೂಮಿನಿಯಂ ಕಂಪನಿಯಿಂದ. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಅನ್ನೋದು ಅಲ್ಕೋವಾ ಕಂಪನಿಯ ಗಣಿ ಊರು. ಅಲ್ಲೂ ಇದೇ ಕಲೆ. ಅಡುಗೆಗೆ ಅಲ್ಯೂಮಿನಿಯಂ ಪಾತ್ರೆ ವಿಷ ಅಂತ ಆಗ ಗುಲ್ಲೆದ್ದಿತ್ತು. ಈಗ ಹಲ್ಲಿನ ಕಲೆಯೂ ಅಲ್ಯೂಮಿನಿಯಂ ತಲೆಗೇ ಬರುತ್ತೆ ಅಂತ ಕಂಪನಿಯ ಮುಖ್ಯ ರಸಾಯನಜ್ಞ ಎಚ್.ವಿ. ಚರ್ಚಿಲ್‌ಗೆ ಚಿಂತೆ. ಆ ನೀರನ್ನು ಹೊಸ ವಿಧಾನದಲ್ಲಿ ಪರೀಕ್ಷೆ ಮಾಡಿಸಿದ. ಯಾರೂ ಊಹಿಸದ ಫ್ಲೋರೈಡ್ ಸಿಕ್ಕಿತು. 1931ರ ಜನವರಿಯಲ್ಲಿ ಮೆಕ್ಕೇಗೆ ಪತ್ರ ಬರೆದ. ಕಂಪನಿ ಮಾನ ಉಳಿಸೋಕೆ ಹೋಗಿ ವಿಜ್ಞಾನಕ್ಕೆ ಉಪಕಾರ ಆಯಿತು.

ಆಮೇಲೆ ಬಂದವರು ಟ್ರೆಂಡ್ಲಿ ಡೀನ್, ಸಾರ್ವಜನಿಕ ಆರೋಗ್ಯ ಸೇವೆಯ ದಂತವೈದ್ಯ. ಡೀನ್ ಮೊದಲು ಕಲೆಯನ್ನೇ ಅಳೆಯೋಕೆ ಒಂದು ಅಳತೆಗೋಲು ಮಾಡಿದರು. ಸಹಜ, ಅನುಮಾನ, ಬಹಳ ಸ್ವಲ್ಪ, ಸ್ವಲ್ಪ, ಮಧ್ಯಮ, ತೀವ್ರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಎಲಿಯಾಸ್ ಎಲ್ವೋವ್ ಅನ್ನೋ ರಸಾಯನಜ್ಞ ನೀರಿನ ಫ್ಲೋರೈಡನ್ನು ಹತ್ತು ಲಕ್ಷದಲ್ಲಿ 0.1 ಭಾಗದವರೆಗೆ, ಅಂದರೆ 0.1 ಪಿಪಿಎಂ ತನಕ ಅಳೆಯೋ ವಿಧಾನ ಕೊಟ್ಟ. ನೀರು 1 ಪಿಪಿಎಂ ಒಳಗಿದ್ದರೆ ಕಣ್ಣಿಗೆ ಹೊಡೆಯೋ ಕಲೆ ಬರಲ್ಲ ಅಂತ ಗೊತ್ತಾಯಿತು.

ಈಗ ಎರಡು ದಾರಿ ಕೂಡುತ್ತವೆ. ಒಂದು ಕಡೆ ನೀರಿನ ಫ್ಲೋರೈಡ್ ಅಂಕಿ, ಇನ್ನೊಂದು ಕಡೆ ಹುಳುಕಿನ ಡಿಎಂಎಫ್ ಅಂಕಿ. ಡೀನ್ ತಂಡ 4 ರಾಜ್ಯಗಳ 21 ಊರುಗಳಲ್ಲಿ 12ರಿಂದ 14 ವರ್ಷದ 7,257 ಮಕ್ಕಳ ಹಲ್ಲು ಎಣಿಸಿತು. 1942ರ ಹೊತ್ತಿಗೆ ಫಲಿತಾಂಶ ಬಂತು. ನೀರಲ್ಲಿ ಫ್ಲೋರೈಡ್ ಬರೀ 0.1 ಪಿಪಿಎಂ ಇದ್ದ ಇಂಡಿಯಾನಾದ ಮಿಷಿಗನ್ ಸಿಟಿಯಲ್ಲಿ 100 ಮಕ್ಕಳಿಗೆ 1,037 ಹಲ್ಲು. 1.9 ಪಿಪಿಎಂ ಇದ್ದ ಇಲಿನಾಯ್‌ನ ಗೇಲ್ಸ್‌ಬರ್ಗ್‌ನಲ್ಲಿ 236. ಎಲ್ಲಾ ಊರುಗಳನ್ನೂ ಗ್ರಾಫ್ ಮೇಲೆ ಇಟ್ಟರೆ ಗೆರೆ 1 ಪಿಪಿಎಂ ತನಕ ಸರ್ರನೆ ಇಳಿದು ಆಮೇಲೆ ಚಪ್ಪಟೆಯಾಗುತ್ತೆ. ಕಲೆಯೂ ಇಲ್ಲ, ಹುಳುಕೂ ಕಡಿಮೆ ಅನ್ನೋ ಜಾಗ ಒಂದರ ಆಸುಪಾಸಲ್ಲಿದೆ. ಹಳೇ ರೀತಿಯಲ್ಲಿ 'ನೂರಕ್ಕೆ ಎಷ್ಟು ಮಕ್ಕಳು' ಅಂತ ಎಣಿಸಿದ್ದರೆ ಈ ಗೆರೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಒಂದು ಮಾತು ಮರೀಬಾರದು. ಆ ಸಮೀಕ್ಷೆಯಲ್ಲಿ ಎಣಿಸಿದ್ದು ಬಿಳಿಯ ಮಕ್ಕಳನ್ನು ಮಾತ್ರ.

1945ರ ಜನವರಿ 25ರಂದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಕುಡಿಯೋ ನೀರಿಗೆ ಫ್ಲೋರೈಡ್ ಬೆರೆಸಿತು. ಹೀಗೆ ಮಾಡಿದ ಜಗತ್ತಿನ ಮೊದಲ ನಗರ. ಹತ್ತಿರದ ಮಸ್ಕೀಗನ್‌ಗೆ ಬೆರೆಸಲಿಲ್ಲ, ಹೋಲಿಕೆಗೆ ಬಿಟ್ಟರು. ನಮ್ಮ ಭಾಷೆಯಲ್ಲಿ ಎ/ಬಿ ಟೆಸ್ಟ್. ಹದಿನೈದು ವರ್ಷದ ಯೋಜನೆ, ಸುಮಾರು 30,000 ಶಾಲಾ ಮಕ್ಕಳ ಹಲ್ಲು ವರ್ಷ ವರ್ಷ ನೋಡಬೇಕು. ಆದರೆ 1951ರಲ್ಲಿ ಮಸ್ಕೀಗನ್ ತಾನೂ ಬೆರೆಸೋಕೆ ಶುರು ಮಾಡಿತು. ಪಕ್ಕದೂರಿನ ಮಕ್ಕಳ ಹಲ್ಲು ಚೆನ್ನಾಗಿರೋದು ಕಾಣುತ್ತಿರುವಾಗ ನಮ್ಮ ಮಕ್ಕಳನ್ನು ಹೋಲಿಕೆಗೆ ಇಡಿ ಅಂತ ಯಾವ ಊರು ಒಪ್ಪುತ್ತೆ ಹೇಳಿ? ಶುರುವಾಗಿ 11 ವರ್ಷ ಆದಮೇಲೆ ಡೀನ್ ಲೆಕ್ಕ ಕೊಟ್ಟರು. ಫ್ಲೋರೈಡ್ ಬೆರೆಸಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ನೂರಕ್ಕೆ 60ಕ್ಕಿಂತ ಹೆಚ್ಚು ಇಳಿದಿತ್ತು.

ಆ ಗೆಲುವು ಹಾಗೇ ನಿಂತಿಲ್ಲ. ಈಗ ಎಲ್ಲರ ಮನೆಯಲ್ಲೂ ಫ್ಲೋರೈಡ್ ಪೇಸ್ಟ್ ಇದೆ, ಹಾಗಾಗಿ ನೀರಿಗೆ ಬೆರೆಸೋದರಿಂದ ಸಿಗೋ ಲಾಭ ಆ ಕಾಲಕ್ಕಿಂತ ಬಹಳ ಚಿಕ್ಕದು ಅಂತ ಇತ್ತೀಚಿನ ವಿಮರ್ಶೆಗಳು ಹೇಳುತ್ತವೆ. ಅಮೆರಿಕವೇ 2015ರಲ್ಲಿ ತನ್ನ ಅಳತೆಯನ್ನು 0.7ಕ್ಕೆ ಇಳಿಸಿತು. 2025ರಲ್ಲಿ ಯೂಟಾ ರಾಜ್ಯ ಬೆರೆಸೋದನ್ನೇ ನಿಷೇಧಿಸಿತು. ಜಗಳ ನಡೀತಾನೇ ಇದೆ. ಎಣಿಸೋ ವಿಧಾನ ಮಾತ್ರ ಜಗತ್ತೆಲ್ಲಾ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ 12 ವರ್ಷವನ್ನು ಹೋಲಿಕೆಯ ವಯಸ್ಸು ಅಂತ ಇಟ್ಟುಕೊಂಡಿತು. ಆ ವಯಸ್ಸಿಗೆ ಬುದ್ಧಿಹಲ್ಲು ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಶಾಶ್ವತ ಹಲ್ಲು ಬಂದಿರುತ್ತವೆ. ಅಲ್ಲದೆ ಎಷ್ಟೋ ದೇಶಗಳಲ್ಲಿ ಮಕ್ಕಳು ಪ್ರಾಥಮಿಕ ಶಾಲೆ ಬಿಡೋ ವಯಸ್ಸೂ ಅದೇ, ಆಮೇಲೆ ಒಟ್ಟಿಗೆ ಕೈಗೆ ಸಿಗಲ್ಲ. 2000ನೇ ಇಸವಿಯೊಳಗೆ 12 ವರ್ಷದ ಮಕ್ಕಳ ಸರಾಸರಿ ಮೂರು ದಾಟಬಾರದು ಅಂತ 1981ರಲ್ಲಿ ಜಗತ್ತಿಗೇ ಗುರಿ ಕೊಟ್ಟರು.

ಇನ್ನು ನನ್ನ ಬಾಯಿಗೆ ಬರ್ತೀನಿ.

ನಮ್ಮೂರು ಇರೋದು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಲ್ಲಿ. ನಾನು ಬೆಳೆದಿದ್ದು ಬೋರ್‌ವೆಲ್ ನೀರು ಕುಡಿದು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಇದೆ. ಊರಲ್ಲಿದ್ದಾಗ ಅದು ವಿಶೇಷ ಅನ್ನಿಸಿರಲೇ ಇಲ್ಲ, ಕ್ಲಾಸಲ್ಲಿ ಎಲ್ಲರದ್ದೂ ಹಾಗೇ. ಯಾರಾದರೂ ಕೇಳಿದರೆ "ಊರ ನೀರೇ ಹಂಗೆ" ಅನ್ನೋರು. ಬಿಇ ಓದೋಕೆ ಹಾಸ್ಟೆಲ್‌ಗೆ ಬಂದಾಗ ಮೊದಲ ವಾರವೇ ರೂಮ್‌ಮೇಟ್ ಕೇಳಿದ, "ಮಗಾ, ನೀನು ಬ್ರಷ್ ಮಾಡಲ್ವಾ?" ಆಮೇಲೆ ನಾಲ್ಕು ವರ್ಷದ ಯಾವ ಫೋಟೋದಲ್ಲೂ ನಾನು ಬಾಯಿ ಬಿಟ್ಟು ನಕ್ಕಿಲ್ಲ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೈ ಅಡ್ಡ ಇಟ್ಟುಕೊಂಡು ಮಾತಾಡಿದ್ದು ಈಗಲೂ ನೆನಪಿದೆ.

ಮಗಳ ಜೊತೆ ಹೋದ ದಿನ ನನ್ನ ಬಾಯಿಯನ್ನೂ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾವೂರು ಸಾರ್? ಪಾವಗಡ ಕಡೆನಾ?" ಹಲ್ಲು ನೋಡಿ ತಾಲ್ಲೂಕು ಹೇಳಿದರು! ಅದರ ಹೆಸರು ಫ್ಲೋರೋಸಿಸ್. ಈ ದೇಶಕ್ಕೂ ಅದು ಹೊಸದಲ್ಲ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಲ್ಲಿ ನೀರಿನ ಫ್ಲೋರೈಡ್‌ನಿಂದ ಹಲ್ಲಷ್ಟೇ ಅಲ್ಲ, ಮೂಳೆಗಳೂ ಬಿಗಿದು ಜನ ಬೆನ್ನು ಬಗ್ಗಿಸಲಾಗದೆ ಒದ್ದಾಡುತ್ತಿರೋದನ್ನು 1937ರಲ್ಲೇ ವೈದ್ಯರು ಬರೆದಿದ್ದರು. ನಮ್ಮ ರಾಜ್ಯದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಗಳಲ್ಲೆಲ್ಲಾ ಇದಿದೆ. ಅಮೆರಿಕದವರು ನೀರಿಗೆ ಫ್ಲೋರೈಡ್ ಹಾಕೋದು ಹೇಗೆ ಅಂತ ಯೋಚಿಸುತ್ತಿದ್ದರೆ, ನಮ್ಮ ಕಡೆಯ ಸಮಸ್ಯೆ ಅದನ್ನು ತೆಗೆಯೋದು ಹೇಗೆ ಅನ್ನೋದು. ಬಿಸಿಲ ನಾಡಿನ ಮಗು ಚಳಿ ಊರಿನ ಮಗುವಿಗಿಂತ ಹೆಚ್ಚು ನೀರು ಕುಡಿಯುತ್ತೆ. ಹಾಗಾಗಿ ಮಿಷಿಗನ್‌ಗೆ ಸರಿ ಅನ್ನಿಸಿದ 1 ಪಿಪಿಎಂ ನಮ್ಮ ಕಡೆಗೆ ಜಾಸ್ತಿಯೇ.

ಇದನ್ನೆಲ್ಲಾ ಓದಿದ ಮೇಲೆ ಊಟಕ್ಕೆ ಕೂತಾಗ ಮಗಳ ಮುಖ ನೋಡಿದೆ. ಅವಳದ್ದು ಕಾವೇರಿ ನೀರು. ನದಿ ನೀರಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಅವಳ ಹಲ್ಲು ಬೆಳ್ಳಗಿವೆ, ಮೂರು ಹುಳುಕು. ನನ್ನ ಹಲ್ಲು ಕಂದು, ಹುಳುಕು ಒಂದೂ ಇಲ್ಲ. ಮೆಕ್ಕೇ ಕಂಡ ಒಗಟು ನಮ್ಮ ಮನೆಯಲ್ಲೇ ತಟ್ಟೆ ಹಿಡಿದುಕೊಂಡು ಕೂತಿತ್ತು. ಬರೀ ನೀರಿನ ಮೇಲೆ ಹಾಕೋದೂ ಸರಿಯಲ್ಲ ಅನ್ನಿ. ಅವಳ ವಯಸ್ಸಿಗೆ ನನಗೆ ಸಿಗುತ್ತಿದ್ದಿದ್ದು ಜಾತ್ರೆಗೊಂದು ಸಲ ಬೆಂಡು ಬತ್ತಾಸು. ಇವಳಿಗೆ ದಿನಾ ಕ್ರೀಮ್ ಬಿಸ್ಕತ್ತು, ಮಲಗೋವಾಗ ಸಕ್ಕರೆ ಹಾಕಿದ ಹಾಲು.

ಆಗ ನನಗೊಂದು ಹಳೇ ಸಂಗತಿ ನೆನಪಾಯಿತು. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ನಮ್ಮ ಶಾಲೆಗೂ ಒಂದು ಸಲ ದಂತ ಶಿಬಿರ ಬಂದಿತ್ತು. ಸಾಲಾಗಿ ನಿಲ್ಲಿಸಿದ್ದರು. ಟಾರ್ಚ್ ಬಿಟ್ಟು ನೋಡಿದ ಡಾಕ್ಟರು, "ಹುಳುಕಿಲ್ಲ, ಚೆನ್ನಾಗಿದೆ. ನೆಕ್ಸ್ಟ್" ಅಂದರು. ಪಕ್ಕದವರು ಸೊನ್ನೆ ಬರೆದುಕೊಂಡರು. ಆ ಹಾಳೆಯಲ್ಲಿ ಕಲೆಗೆ ಕಾಲಂ ಇರಲಿಲ್ಲ ಅಂತ ಕಾಣುತ್ತೆ. ನಮ್ಮ ಕ್ಲಾಸಿನ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಬಹುಪಾಲಿಗೆ ಸೊನ್ನೆ ಬಿದ್ದಿರಬೇಕು. ಹಾಳೆಯ ಪ್ರಕಾರ ನಮ್ಮದು ಜಿಲ್ಲೆಗೇ ಒಳ್ಳೆ ಹಲ್ಲಿನ ಶಾಲೆ. ನಮ್ಮೂರ ನೀರು ಪರೀಕ್ಷೆ ಮಾಡಿಸಿ ಅಂತ ಹೇಳೋಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ. ಅದು ಟಾರ್ಚ್ ಬೆಳಕಲ್ಲೇ ಹೊಳೀತಾ ಇತ್ತು. ಆದರೆ ಅವತ್ತು ಎಣಿಸೋಕೆ ಬಂದಿದ್ದು ಹುಳುಕನ್ನು ಮಾತ್ರ.

ಡಿಎಂಎಫ್‌ನ ಒಳಗೇ ಇನ್ನೊಂದು ಇಂಥ ಕತ್ತಲೆ ಜಾಗ ಇದೆ. ಮೂರನ್ನೂ ಕೂಡಿಸಿಬಿಡುತ್ತಾರಲ್ಲ, ಅದು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಬ್ಬ ಹುಡುಗನಿಗೆ ಮೂರು ಹಲ್ಲಿಗೆ ಸಿಮೆಂಟ್ ಹಾಕಿಸಿದ್ದಾರೆ ಅನ್ನಿ, ಅವನ ಲೆಕ್ಕ ಮೂರು. ನೋವು ತಾಳಲಾರದೆ ಮೂರು ಹಲ್ಲು ಕೀಳಿಸಿಕೊಂಡ ಹಳ್ಳಿ ಹುಡುಗಿಯ ಲೆಕ್ಕವೂ ಮೂರೇ. ಒಬ್ಬನಿಗೆ ಚಿಕಿತ್ಸೆ ಸಿಕ್ಕಿದೆ, ಇನ್ನೊಬ್ಬಳಿಗೆ ಇಕ್ಕಳ ಸಿಕ್ಕಿದೆ. ಒಟ್ಟು ಅಂಕಿಗೆ ಇಬ್ಬರೂ ಒಂದೇ. ಇದು ಕ್ಲೈನ್, ಪಾಮರ್ ತಪ್ಪಲ್ಲ. ಅವರು ಮೂರನ್ನೂ ಬೇರೆ ಬೇರೆಯಾಗೇ ಎಣಿಸಿದ್ದರು, ಬಾಕಿ ಕೆಲಸ ಎಷ್ಟು ಅಂತ ಗೊತ್ತಾಗಿದ್ದೇ ಅದರಿಂದ. ಕೂಡಿಸಿದ ಮೊತ್ತವನ್ನು ಮಾತ್ರ ಇಟ್ಟುಕೊಂಡು ಉಳಿದಿದ್ದನ್ನು ಎಸೆಯೋದು ನಮ್ಮ ಅಭ್ಯಾಸ.

ಸರಾಸರಿಯದ್ದೂ ಇದೇ ಗೋಳು. 30 ಮಕ್ಕಳ ಕ್ಲಾಸಲ್ಲಿ 20 ಮಕ್ಕಳಿಗೆ ಸೊನ್ನೆ, 10 ಮಕ್ಕಳಿಗೆ ಆರಾರು ಹುಳುಕು ಅನ್ನಿ. ಸರಾಸರಿ ಎರಡು. ಜಗತ್ತಿನ ಗುರಿ ಮೂರು ಇತ್ತಲ್ಲ, ಕ್ಲಾಸು ಪಾಸ್! ಆ ಹತ್ತು ಮಕ್ಕಳು ರಾತ್ರಿ ನಿದ್ದೆ ಮಾಡ್ತಿದ್ದಾರಾ ಅಂತ ಯಾರೂ ಕೇಳಲ್ಲ. ಸರ್ವರ್‌ನ ಸರಾಸರಿ ಲೇಟೆನ್ಸಿ ಚೆನ್ನಾಗಿದೆ ಅಂತ ಹೇಳಿದರೆ ನಮ್ಮ ಮ್ಯಾನೇಜರ್ ಬಿಡ್ತಾರಾ? "ಪಿ95 ತೋರ್ಸಪ್ಪ" ಅಂತಾರೆ. ಹಲ್ಲಿನವರೂ 2000ದಲ್ಲಿ ಅದನ್ನೇ ಮಾಡಿದರು. ಸ್ವೀಡನ್‌ನ ಮಾಲ್ಮೊದಲ್ಲಿದ್ದ ಡೌಗ್ಲಾಸ್ ಬ್ರಾಥಾಲ್ ಅನ್ನೋ ತಜ್ಞ, ಅತಿ ಹೆಚ್ಚು ಹುಳುಕಿರೋ ಮೂರನೇ ಒಂದು ಭಾಗದ ಮಕ್ಕಳ ಸರಾಸರಿಯನ್ನು ಬೇರೆ ತೆಗೆದು ನೋಡಿ ಅಂದರು. ನನ್ನ ಉದಾಹರಣೆಯ ಕ್ಲಾಸಲ್ಲಿ ಅದು ಆರು. ಎರಡು ಅಂದಾಗ ಸುಮ್ಮನಿದ್ದ ಅಧಿಕಾರಿ ಆರು ಅಂದರೆ ಕುರ್ಚಿ ಬಿಟ್ಟು ಏಳಬಹುದು.

ಎಣಿಸೋದು ಬೇಡ ಅಂತ ನಾನು ಹೇಳ್ತಿಲ್ಲ. ಎಣಿಸದೇ ಇದ್ದಿದ್ದರೆ ಓಕ್ಲಿಯ ತಾಯಂದಿರ ಮಾತು ಊರ ಮಾತಾಗೇ ಉಳಿಯೋದು, ನಮ್ಮಮ್ಮನ "ಊರ ನೀರೇ ಹಂಗೆ" ಥರ. ಆದರೆ ಹಾಳೆಯಲ್ಲಿ ಯಾವ ಕಾಲಂ ಇದೆಯೋ ಅದಕ್ಕೆ ಮಾತ್ರ ಪರಿಹಾರ ಬರುತ್ತೆ. ಕಾಲಂ ಇಲ್ಲದ ನೋವಿಗೆ ಸೊನ್ನೆ ಬೀಳುತ್ತೆ, ಸೊನ್ನೆ ಬಿದ್ದ ಕಡೆಗೆ ಯಾರೂ ತಿರುಗಿ ಬರಲ್ಲ. ಮಗುವಿನ ಶಾಲೆಯಿಂದ ಇಂಥ ಹಾಳೆ ಬಂದರೆ ಒಟ್ಟು ಅಂಕಿ ನೋಡಿ ಮಡಚಿಡಬೇಡಿ. ಅದರಲ್ಲಿ ಹುಳುಕು ಎಷ್ಟು, ಕಿತ್ತಿದ್ದು ಎಷ್ಟು, ತುಂಬಿಸಿದ್ದು ಎಷ್ಟು ಅಂತ ಕೇಳಿ.

ಯುಗಾದಿಗೆ ಊರಿಗೆ ಹೋಗಿದ್ದೆ. ಈಗ ಅಲ್ಲೊಂದು ಶುದ್ಧ ನೀರಿನ ಘಟಕ ಇದೆ, ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ತುಂಬುತ್ತೆ. ಅಣ್ಣನ ಮಗನಿಗೆ ಎಂಟು ವರ್ಷ, ಮುಂದಿನ ಎರಡು ದೊಡ್ಡ ಹಲ್ಲು ಹೊಸದಾಗಿ ಬಂದಿವೆ. ಜಗುಲಿ ಮೇಲೆ ಕೂರಿಸಿಕೊಂಡು, "ಎಲ್ಲಿ, ಬಾಯಿ ತೆಗಿ" ಅಂದೆ. "ಯಾಕ್ ಚಿಕ್ಕಪ್ಪ?" ಅಂದ, ಆದರೂ ತೆಗೆದ. ಕಂದು ಇರಲಿಲ್ಲ. ಬಿಸಿಲಿಗೆ ತಿರುಗಿಸಿದಾಗ ಎರಡು ಹಲ್ಲಿನ ತುದಿಯಲ್ಲೂ ಸುಣ್ಣ ಸವರಿದ ಹಾಗೆ ತೆಳ್ಳಗೆ ಬಿಳಿ ಗೆರೆ ಕಂಡಿತು. ಡೀನ್ ಮೆಟ್ಟಿಲಲ್ಲಿ ಅದು 'ಬಹಳ ಸ್ವಲ್ಪ'.

"ಕುಡಿಯೋಕೆ ಮಾತ್ರ ಕ್ಯಾನ್ ನೀರಾ, ಅಡುಗೆಗೂನಾ?" ಅಂತ ಅತ್ತಿಗೆಯನ್ನು ಕೇಳಿದೆ. "ಅಡುಗೆಗೆ ಬೋರ್ ನೀರೇ ಕಣಪ್ಪ, ದಿನಾ ಅಷ್ಟು ಕ್ಯಾನು ಯಾರು ಹೊರ್ತಾರೆ?" ಅಂದರು.

ನಾಳೆ ಯಾವುದಾದರೂ ಶಿಬಿರದವರು ಅವನ ಬಾಯಿ ನೋಡಿದರೆ ಸೊನ್ನೆ ಅಂತ ಬರೆದುಕೊಂಡು ಹೋಗುತ್ತಾರೆ. ಅದಕ್ಕೇ ನನ್ನ ಫೋನಲ್ಲಿ ಅವನ ಹೆಸರು, ದಿನಾಂಕ, 'ಬಹಳ ಸ್ವಲ್ಪ' ಅಂತ ಬರೆದಿಟ್ಟುಕೊಂಡೆ. ಆಮೇಲೆ ಬೀದಿಯಲ್ಲಿ ಆಡುತ್ತಿದ್ದ ಉಳಿದ ಹುಡುಗರನ್ನೂ ಕರೆದೆ.